ಮಾಳಿಗೆಯ ಮೇಲೆ ಸ್ಟ್ರಾಬೆರಿ: ಮಣ್ಣಿಲ್ಲದ ಲಂಬ ಬೇಸಾಯ
(ಭಾಷಣದ ಪಠ್ಯ)



ಐ.ಟಿ.ಓ. ಸೇತುವೆಯ ಮೇಲೆ ಯಮುನೆಯನ್ನು ದಾಟಿ ಪೂರ್ವಕ್ಕೆ ಬಂದವರಿಗೆ ವಿಕಾಸ ಮಾರ್ಗಕ್ಕೆ ಅಂಟಿಕೊಂಡಂತೆ ಲಕ್ಷ್ಮೀ ನಗರ ಎದುರಾಗುತ್ತದೆ. ಒಂದರ ಗೋಡೆಗೆ ಇನ್ನೊಂದು ತಾಗಿದ ನಾಲ್ಕೈದು ಅಂತಸ್ತಿನ ಮನೆಗಳು, ಇಕ್ಕಟ್ಟಾದ ಓಣಿಗಳು. ಇಲ್ಲಿ ಹಿತ್ತಿಲೆಂಬುದಿಲ್ಲ, ಬಿಸಿಲು ಕಾಣುವುದು ಮಾಳಿಗೆಯಲ್ಲಿ ಮಾತ್ರ. ಅನತಿದೂರದ ಯಮುನೆಯ ಬಯಲಿನಲ್ಲಿ ರೈತರು ತಲೆಮಾರುಗಳಿಂದ ತರಕಾರಿ ಬೆಳೆದವರು. ಆದರೆ ನದಿಯ ನೀರು ಚರಂಡಿ ಮತ್ತು ಕಾರ್ಖಾನೆಗಳ ತ್ಯಾಜ್ಯದಿಂದ ಕಲುಷಿತಗೊಂಡ ಕಾರಣ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರ ಜನವರಿಯಲ್ಲಿ ಆ ಬಯಲಿನಲ್ಲಿ ತಿನ್ನುವ ಬೆಳೆಗಳ ಬೇಸಾಯವನ್ನು ನಿಷೇಧಿಸಿ ಆದೇಶ ನೀಡಿತು. ಶುದ್ಧವಾದ ನೀರಿನಲ್ಲಿ, ಮಣ್ಣಿಲ್ಲದೆ, ಮಾಳಿಗೆಯ ಮೇಲೆಯೇ ಏನನ್ನಾದರೂ ಬೆಳೆಯಬಹುದೇ ಎಂಬ ಪ್ರಶ್ನೆಗೆ ಇಂತಹ ಬಡಾವಣೆಯಲ್ಲಿ ವಿಶೇಷ ಅರ್ಥವಿದೆ.

ಮಣ್ಣಿಲ್ಲದ ಬೇಸಾಯವು ಭಾರತಕ್ಕೆ ಹೊಸದೇನೂ ಅಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ವಿಲಿಯಂ ಗೆರಿಕೆ 1930ರ ದಶಕದಲ್ಲಿ ಈ ಪದ್ಧತಿಗೆ ಹೈಡ್ರೋಪಾನಿಕ್ಸ್ ಎಂಬ ಹೆಸರನ್ನು ಬಳಕೆಗೆ ತಂದರು. 1946ರಲ್ಲಿ ಶೋಲ್ಟೊ ಡಗ್ಲಸ್ ಅವರು ಬಂಗಾಳದ ಕಾಲಿಂಪಾಂಗ್ ಪ್ರದೇಶದಲ್ಲಿ ಪ್ರಯೋಗಗಳನ್ನು ಆರಂಭಿಸಿದರು. ಅವರು ರೂಪಿಸಿದ ಸರಳ ಕ್ರಮವೇ ಮುಂದೆ ಬಂಗಾಳ ಪದ್ಧತಿ ಎಂದು ಹೆಸರಾಯಿತು. ಇಂದು ದೆಹಲಿಯ ಪೂಸಾ ಸಂಸ್ಥೆಯಲ್ಲಿ ಸಂರಕ್ಷಿತ ಬೇಸಾಯಕ್ಕೆಂದೇ ಒಂದು ಕೇಂದ್ರವಿದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ತೆಂಗಿನ ನಾರಿನ ಪುಡಿಯನ್ನು ಹುದುಗಿಸಿ ಸಿದ್ಧಪಡಿಸುವ ಮಾಧ್ಯಮವನ್ನೂ, ಮಾಳಿಗೆಗೆ ಹೊಂದುವ ಲಂಬ ಚೌಕಟ್ಟನ್ನೂ ರೂಪಿಸಿದೆ. ಒಂದು ಕಾಲದಲ್ಲಿ ನಾರಿನ ಗಿರಣಿಗಳ ಹಿಂದೆ ಗುಡ್ಡೆಬಿದ್ದು ಕೊಳೆಯುತ್ತಿದ್ದ ಪುಡಿಗೆ ಹೀಗೆ ಬೆಲೆ ಬಂದಿತು.

ಲಂಬ ಪದ್ಧತಿಗೆ ಸ್ಟ್ರಾಬೆರಿ ಚೆನ್ನಾಗಿ ಒಗ್ಗುತ್ತದೆ. ಗಿಡ ಗೇಣುದ್ದಕ್ಕಿಂತ ಹೆಚ್ಚು ಬೆಳೆಯದು, ಬೇರು ಆಳಕ್ಕೆ ಇಳಿಯದು, ಹಣ್ಣು ಗಾಳಿಯಲ್ಲಿ ತೂಗುವುದರಿಂದ ಕೊಳೆಯುವುದು ಕಡಿಮೆ. ಉತ್ತರದ ಬಯಲುಸೀಮೆಯಲ್ಲಿ ಸಸಿ ನೆಡಲು ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಸೂಕ್ತ ಕಾಲ. ಹಗಲು ಚಿಕ್ಕದಾಗಿ ಚಳಿ ಬಿದ್ದಾಗ ಹೂವು ಬಿಡುವ ಚಾಂಡ್ಲರ್, ವಿಂಟರ್ ಡಾನ್, ಕಮರೋಸಾ ಮೊದಲಾದ ತಳಿಗಳನ್ನು ಆರಿಸಿಕೊಳ್ಳಬಹುದು. ಸಸಿಯ ನಡುಗುಡಿ ಮಾಧ್ಯಮದಲ್ಲಿ ಹೂತುಹೋಗದಂತೆ ನೆಡಬೇಕು. ಹೊಸಬರ ಗಿಡಗಳು ಮೊದಲ ವಾರದಲ್ಲೇ ಸಾಯುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ನೀರಿನ ವಿಷಯದಲ್ಲಿ ಈ ಬೆಳೆ ಬಹಳ ನಾಜೂಕು. ದ್ರಾವಣದ ಪಿಎಚ್ 5.5ರಿಂದ 6.5ರ ನಡುವೆ ಇರಬೇಕು. ಲವಣಾಂಶವನ್ನು ತೋರುವ ಇ.ಸಿ. ಮೀಟರು 1ರಿಂದ 1.5 ಡೆಸಿಸೀಮನ್ಸ್ ತೋರಿದರೆ ಸಾಕು. ಗಡಸು ನೀರಿನ ಕೊಳವೆಬಾವಿಯಾದರೆ ಗೊಬ್ಬರ ಹಾಕುವ ಮೊದಲೇ ಮೀಟರು ಈ ಮಿತಿಯನ್ನು ಮುಟ್ಟಿರಬಹುದು. ಆಗ ಗಿಡಕ್ಕೆ ಆಹಾರ ಕೊಡಲು ಎಡೆಯೇ ಉಳಿಯುವುದಿಲ್ಲ. ಕೆಲವರು ಮನೆಯ ಆರ್.ಓ. ಯಂತ್ರ ಹೊರಹಾಕುವ ನೀರನ್ನು ಉಳಿತಾಯದ ಉದ್ದೇಶದಿಂದ ತೊಟ್ಟಿಗೆ ಸುರಿಯುವುದುಂಟು. ಉದ್ದೇಶ ಒಳ್ಳೆಯದೇ, ಆದರೆ ಆ ನೀರಿನಲ್ಲಿ ಲವಣ ಇನ್ನಷ್ಟು ಸಾಂದ್ರವಾಗಿರುತ್ತದೆ; ಅದು ನೆಲ ಒರೆಸಲು ಇರಲಿ. ಹಾಗೆಯೇ ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟ್ ಮತ್ತು ಫಾಸ್ಫೇಟ್ ಗೊಬ್ಬರಗಳೊಡನೆ ಗಟ್ಟಿ ದ್ರಾವಣದಲ್ಲಿ ಬೆರೆಸಿದರೆ ಸುಣ್ಣದಂತೆ ತಳಕ್ಕೆ ಕೂರುತ್ತದೆ. ಎರಡು ಬೇರೆ ಡಬ್ಬಿಗಳಲ್ಲಿ ಕರಗಿಸಿಟ್ಟು, ತೊಟ್ಟಿಯ ನೀರಿಗೆ ಒಂದಾದ ಮೇಲೊಂದು ಸೇರಿಸುವುದು ಕ್ರಮ.

ಹಸಿರುಮನೆಯೊಳಗೆ ಜೇನ್ನೊಣ ಬಾರದು. ಹಣ್ಣೆಂದು ನಾವೆಲ್ಲ ತಿನ್ನುವ ಕೆಂಪು ಭಾಗವು ಸಸ್ಯಶಾಸ್ತ್ರದ ಪ್ರಕಾರ ಉಬ್ಬಿದ ಹೂಪೀಠ; ಮೇಲೆ ಬೀಜದಂತೆ ಕಾಣುವ ಕಣಗಳೇ ನಿಜವಾದ ಹಣ್ಣುಗಳು. ಪರಾಗ ಮುಟ್ಟಿದ ಕಣದ ಕೆಳಗಷ್ಟೇ ಪೀಠ ಉಬ್ಬುತ್ತದೆ, ಮುಟ್ಟದ ಕಡೆ ಹಾಗೆಯೇ ಮುರುಟಿಕೊಳ್ಳುತ್ತದೆ. ಸೊಟ್ಟ ಹಣ್ಣು ಕಂಡಾಗ ರೋಗವೆಂದು ಔಷಧಿ ಸಿಂಪಡಿಸುವ ಬದಲು, ಬೆಳಗಿನ ಹೊತ್ತು ಮೃದುವಾದ ಕುಂಚದಿಂದ ಪ್ರತಿ ಹೂವನ್ನೂ ಸವರುವುದು ಮೇಲು. ಬೆಳಕಿನ ಕೊರತೆಯೂ ಉಂಟು. ಡಿಸೆಂಬರ್–ಜನವರಿಯ ಮಂಜು ಮತ್ತು ಹೊಗೆಯಲ್ಲಿ ಕಂಬದ ಉತ್ತರ ಬದಿಯ ಗಿಡಗಳು ಸೊರಗುತ್ತವೆ. ಕಂಬಗಳನ್ನು ದೂರದೂರ ನಿಲ್ಲಿಸಿ ಆಗಾಗ ತಿರುಗಿಸಬೇಕಾಗುತ್ತದೆ.

ವರ್ಷವಿಡೀ ಹಣ್ಣು ಎಂಬ ಜಾಹೀರಾತಿನ ಮಾತನ್ನು ಸಾರ್ವಜನಿಕರು ನಂಬಬಾರದು. ದೆಹಲಿಯ ಮೇ–ಜೂನ್‌ನಲ್ಲಿ ಬಿಸಿಲು 45 ಡಿಗ್ರಿ ಮುಟ್ಟುವುದುಂಟು. ಒದ್ದೆ ಪರದೆ ಮತ್ತು ಫ್ಯಾನುಗಳ ತಂಪು ಆ ಒಣ ಹವೆಯಲ್ಲಿ ಅಷ್ಟಿಷ್ಟು ನಡೆದರೂ, ಜುಲೈನಲ್ಲಿ ಗಾಳಿಯೇ ತೇವಗೊಂಡಾಗ ನಿಷ್ಪ್ರಯೋಜಕ. ಹವಾನಿಯಂತ್ರಣ ಯಂತ್ರ ಹೂಡಿದರೆ ವಿದ್ಯುತ್ ಬಿಲ್ಲು ಹಣ್ಣಿನ ಬೆಲೆಯನ್ನು ನುಂಗುತ್ತದೆ. ಮಹಾಬಲೇಶ್ವರ ಮತ್ತು ಹರಿಯಾಣದ ಹಿಸಾರ್ ಪ್ರದೇಶದ ಹೊಲಗಳ ಹಣ್ಣು ಚಳಿಗಾಲದಲ್ಲಿ ದೆಹಲಿಯ ಪೇಟೆಗೆ ಬರುವುದರಿಂದ ಪೈಪೋಟಿಯೂ ಇದೆ. ಮನೆಬಳಕೆಗೆ, ಮಾರ್ಚ್‌ವರೆಗಿನ ಒಂದು ಬೆಳೆ ತೆಗೆಯುವುದೇ ವಿವೇಕ. ಪೈಪಿನಲ್ಲಿ ತೆಳುವಾಗಿ ನೀರು ಹರಿಸುವ ಪದ್ಧತಿಯಲ್ಲಿ ವಿದ್ಯುತ್ ನಿಂತರೆ ಬೇರು ಬೇಗನೆ ಒಣಗುತ್ತದೆ. ನಾರಿನ ಪುಡಿ ತುಂಬಿದ ಕುಂಡಗಳಾದರೆ ತೇವ ಹಿಡಿದಿಟ್ಟು ಗಿಡವನ್ನು ಕಾಯುತ್ತವೆ.

ಇಷ್ಟೆಲ್ಲಕ್ಕಿಂತ ಮೊದಲು ನೋಡಬೇಕಾದುದು ಭಾರ. 2010ರ ನವೆಂಬರ್ 15ರ ಸಂಜೆ ಲಕ್ಷ್ಮೀ ನಗರದ ಲಲಿತಾ ಪಾರ್ಕಿನಲ್ಲಿ ಬಹುಮಹಡಿ ವಸತಿ ಕಟ್ಟಡವೊಂದು ಕುಸಿದು ಅರವತ್ತಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಮೇಲೆ ಮೇಲೆ ಏರಿಸಿದ ಅಂತಸ್ತುಗಳ ಮಾತೂ, ನೆಲಮಾಳಿಗೆಯಲ್ಲಿ ನಿಂತಿದ್ದ ನೀರಿನ ಮಾತೂ ಆಗ ಕೇಳಿಬಂದವು. ಜನರು ಓಡಾಡುವ ಮಾಳಿಗೆಗೆ ಭಾರತೀಯ ಮಾನಕವು ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋಗ್ರಾಂ. ಒಂದು ಮೀಟರ್ ಎತ್ತರ ನಿಂತ ನೀರು ಅದೇ ಜಾಗದ ಮೇಲೆ 1000 ಕಿಲೋಗ್ರಾಂ ಹೇರುತ್ತದೆ. ಆದುದರಿಂದ ಒಂದೇ ದೊಡ್ಡ ಡ್ರಮ್ಮಿನ ಬದಲು, ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ, ಒಂದಕ್ಕೊಂದು ದೂರವಾಗಿ ಚಿಕ್ಕ ತೊಟ್ಟಿಗಳನ್ನು ಇಡತಕ್ಕದ್ದು. ಬೇಸಿಗೆಯ ಆಂಧಿಗೆ ಹಾರದಂತೆ ಚೌಕಟ್ಟನ್ನು ಬಿಗಿಯುವುದು ಅಗತ್ಯ. ಆದರೆ ಅದಕ್ಕಾಗಿ ತಾರಸಿಗೆ ತೂತು ಕೊರೆದರೆ ಮಳೆಗಾಲದಲ್ಲಿ ಸೋರಿಕೆ ಖಂಡಿತ. ಕಟ್ಟಡದ ಎಂಜಿನಿಯರರೊಬ್ಬರನ್ನು ಕರೆಸಿ ತೋರಿಸುವುದು ಒಳಿತು. ಅವರು ಮಾಳಿಗೆ ಹತ್ತುವ ಮುನ್ನ ನೆಲಮಾಳಿಗೆಯ ಕಂಬಗಳನ್ನು ನೋಡಬೇಕೆಂದರೆ ಮನೆಯವರು ಅಚ್ಚರಿಪಡಬೇಕಾಗಿಲ್ಲ.