ಮಗ ಮಾಡಿದ ಉಪಕಾರ



1993ರ ಫೆಬ್ರುವರಿಯಲ್ಲಿ ಮೆಕ್ಸಿಕೊ ನಗರದ ಅಸ್ಟೆಕಾ ಕ್ರೀಡಾಂಗಣದಲ್ಲಿ 1,32,000ಕ್ಕೂ ಹೆಚ್ಚು ಜನ ಸೇರಿದ್ದರು. ಅಷ್ಟೂ ಜನ ಬಂದದ್ದು ಹೂಲಿಯೊ ಸೆಸಾರ್ ಚಾವೆಸ್ ಅವರ ಬಾಕ್ಸಿಂಗ್ ನೋಡಲು. ರೈಲ್ವೆ ಕೆಲಸಗಾರರ ಮಗ. ಕುಲಿಯಾಕಾನ್ ಊರಿನಲ್ಲಿ, ಯಾರಿಗೂ ಬೇಡವಾದ ರೈಲು ಡಬ್ಬಿಯಲ್ಲಿ ಒಡಹುಟ್ಟಿದವರ ಜೊತೆ ಬೆಳೆದವರು. ಮೂರು ತೂಕವರ್ಗಗಳಲ್ಲಿ ವಿಶ್ವ ಚಾಂಪಿಯನ್. ಆ ದಿನದವರೆಗೆ ಅವರ ದಾಖಲೆಯಲ್ಲಿ ಒಂದೂ ಸೋಲಿರಲಿಲ್ಲ.

ಬಡತನ, ಸೋಲು, ಹತಾಶೆ ಮನುಷ್ಯನನ್ನು ಕುಡಿತಕ್ಕೆ ನೂಕುತ್ತವೆ ಎಂದು ನಾವು ನಂಬಿದ್ದೇವೆ. ಚಾವೆಸ್ ಹೇಳುವುದೇ ಬೇರೆ. ಕೀರ್ತಿ, ಹಣ ಎರಡೂ ತುಂಬಿ ತುಳುಕುತ್ತಿದ್ದಾಗಲೇ ಮೊದಲು ಮದ್ಯ, ಆಮೇಲೆ ಕೊಕೇನ್ ತಮ್ಮನ್ನು ಹಿಡಿದವು ಎಂದು ಅವರೇ ಬಾಯಿಬಿಟ್ಟು ಹೇಳಿಕೊಂಡಿದ್ದಾರೆ. ಬೇಕೆಂದದ್ದೆಲ್ಲ ಕೈಗೆ ಬಂದಿತ್ತು, ಒಳಗೆ ಮಾತ್ರ ಏನೂ ಇರಲಿಲ್ಲ. ಗೆದ್ದವರ ಸುತ್ತ ಹೊಗಳುವವರು ನೆರೆಯುತ್ತಾರೆ. ‘ಸಾಕು’ ಎನ್ನುವ ಧೈರ್ಯ ಅವರಲ್ಲಿ ಎಷ್ಟು ಜನಕ್ಕಿದ್ದೀತು? 2005ರಲ್ಲಿ ಚಾವೆಸ್ ರಿಂಗ್ ಬಿಟ್ಟರು. ಚಟ ಅವರನ್ನು ಬಿಡಲಿಲ್ಲ.

ಕೊನೆಗೆ ಆ ಧೈರ್ಯ ಮಾಡಿದ್ದು ಅವರ ಹಿರಿಯ ಮಗ, ಅಪ್ಪನ ಹೆಸರನ್ನೇ ಹೊತ್ತ ಬಾಕ್ಸರ್. ಅಪ್ಪನ ಒಪ್ಪಿಗೆಗೂ ಕಾಯದೆ ಚಿಕಿತ್ಸಾ ಕೇಂದ್ರಕ್ಕೆ ಸೇರಿಸಿದರು. ಎಲ್ಲರಿಗೂ ಬಲವಂತವೇ ಮದ್ದು ಎಂದು ನಾನು ಹೇಳುತ್ತಿಲ್ಲ. ಆದರೆ ದೇಶವೇ ಪೂಜಿಸುವ ಮನುಷ್ಯನಿಗೆ ‘ನಿನಗೆ ಕಾಯಿಲೆ ಇದೆ’ ಎನ್ನಲು ಎಂಥ ಪ್ರೀತಿ ಬೇಕು, ಯೋಚಿಸಿ.

ಚಾವೆಸ್ ಗುಣವಾದರು. ಟಿಹುವಾನಾ ಮತ್ತು ಕುಲಿಯಾಕಾನ್‌ನಲ್ಲಿ ವ್ಯಸನಮುಕ್ತಿ ಕೇಂದ್ರಗಳನ್ನು ತೆರೆದರು. ತಮ್ಮ ಪತನದ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತ ಬಂದರು. ಮುಂದೆ ಅಪ್ಪನನ್ನು ಉಳಿಸಿದ ಅದೇ ಮಗನೂ ಚಟಕ್ಕೆ ಸಿಕ್ಕಿದರು. ಎಷ್ಟೋ ಪರರ ಮಕ್ಕಳಿಗೆ ದಾರಿ ತೋರಿದ ತಂದೆ ಸ್ವಂತ ಮಗನಿಗಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು. ಆ ನೋವನ್ನೂ ಅವರು ಜನರಿಂದ ಬಚ್ಚಿಡಲಿಲ್ಲ. ಚಾಂಪಿಯನ್ ಪಟ್ಟಗಳಿಗಿಂತ ಇದಕ್ಕಾಗಿಯೇ ನನಗೆ ಅವರ ಮೇಲೆ ಹೆಚ್ಚು ಗೌರವ.

ಕೇಳುಗರೇ, ನಿಮ್ಮ ಮನೆಯಲ್ಲೂ ಇಂಥ ಸಂಕಟವಿದ್ದರೆ ಮಾನ ಹೋದೀತೆಂದು ಮುಚ್ಚಿಡಬೇಡಿ. ವೈದ್ಯರ ಬಳಿ ಕರೆದುಕೊಂಡು ಹೋಗಿ. ಬರಲೊಲ್ಲೆ ಎಂದರೆ ಮೊದಲು ನೀವೇ ಹೋಗಿ ಮಾತಾಡಿ ಬನ್ನಿ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446. ಕರೆಗೆ ದುಡ್ಡಿಲ್ಲ.