ತಂಗಡಿ ಹೂವು: ಕೊಯ್ಲು, ಒಣಗಿಸುವ ಬಗೆ ಮತ್ತು ಬಳಕೆಯ ಮಿತಿ

(ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಮನೆಮದ್ದಿನ ಕುರಿತು ಮಲೆನಾಡಿನ ಸ್ನೇಹಿತರ ಮುಂದೆ ಆಡಿದ ಮಾತುಗಳ ಬರಹರೂಪ)



ಮದ್ದಿನ ಗಿಡವೆಂದರೆ ದಟ್ಟ ಕಾಡಿನಲ್ಲಿರುವಂಥದು ಎಂಬ ಭಾವನೆ ಮಲೆನಾಡಿನಲ್ಲಿ ಸಹಜ. ಕೃಷ್ಣಾ, ಭೀಮಾ ನದಿಗಳ ನಮ್ಮ ಸೀಮೆಯಲ್ಲಿ ಅಂತಹ ಕಾಡಿಲ್ಲ. ಶಹಾಪುರ, ಸುರಪುರಗಳ ಬಂಡೆಗುಡ್ಡಗಳು, ಯಾದಗಿರಿಯ ಮಸಾರಿ ನೆಲ, ಎರೆಹೊಲಗಳ ಬದು, ಊರ ದನ ಮೇಯುವ ಗಾಯರಾಣ – ಇವೇ ನಮ್ಮ ವನ. ಕಂದಾಯದ ಕಾಗದದಲ್ಲಿ ಇವುಗಳಲ್ಲಿ ಬಹಳಷ್ಟಕ್ಕೆ ‘ಖರಾಬು’ ಎಂಬ ಹೆಸರಿದೆ. ಆ ಖರಾಬಿನಲ್ಲಿ ಯಾರೂ ನೆಡದೆ, ನೀರುಣಿಸದೆ ಬೆಳೆದು, ಮಳೆಗಾಲ ಮುಗಿಯುವ ಹೊತ್ತಿಗೆ ಹಳದಿಯಾಗಿ ಅರಳುವ ತಂಗಡಿಯ ಕುರಿತು ನಾಲ್ಕು ಮಾತು ಹೇಳಲು ಬಯಸುತ್ತೇನೆ.

ದಕ್ಷಿಣದ ಜಿಲ್ಲೆಗಳವರು ಇದನ್ನು ಆವರಿಕೆ ಎನ್ನುತ್ತಾರೆ. ಸಂಸ್ಕೃತದಲ್ಲಿ ಇದು ಆವರ್ತಕೀ. ನಮ್ಮ ನೆರೆಯಲ್ಲಿ, 2014ರಲ್ಲಿ ರಚನೆಯಾದ ತೆಲಂಗಾಣವು ‘ತಂಗೇಡು’ ಎಂಬ ಹೆಸರಿನ ಇದೇ ಹೂವನ್ನು ತನ್ನ ರಾಜ್ಯಪುಷ್ಪವಾಗಿ ಆರಿಸಿಕೊಂಡಿದೆ. ಬತುಕಮ್ಮ ಹಬ್ಬದ ಹೂಗೋಪುರಕ್ಕೆ ಇದು ಬೇಕೇ ಬೇಕು. ಒಂದೇ ಗಿಡಕ್ಕೆ ಗಡಿಯ ಆಚೆ ರಾಜ್ಯಮರ್ಯಾದೆ, ಈಚೆ ಖರಾಬಿನ ಪಟ್ಟ! ಇದರ ತೊಗಟೆಯ ಒಗರಿನಿಂದ ಚರ್ಮ ಹದಮಾಡಿದ ಕಸುಬುದಾರರು ತಲೆತಲಾಂತರದಿಂದ ಇದನ್ನು ಬಲ್ಲವರು. ತಂಗಡಿಯ ತಿಳಿವಳಿಕೆ ವೈದ್ಯರ ಓಲೆಗರಿಗಷ್ಟೇ ಸೇರಿದ್ದಲ್ಲ ಎಂಬುದನ್ನು ನಾವು ಮರೆಯಲಾಗದು.

ಹೂವು ಕೊಯ್ಯುವ ಮೊದಲು ಗಿಡವನ್ನು ಗುರುತಿಸಬೇಕು. ಲಿನೇಯಸ್ 1753ರಲ್ಲಿ ಇದಕ್ಕಿಟ್ಟ ‘ಆರಿಕ್ಯುಲೇಟಾ’ ಎಂಬ ಹೆಸರಿಗೆ ಕಿವಿಯುಳ್ಳದ್ದು ಎಂದರ್ಥ. ಎಲೆಯ ತೊಟ್ಟು ಕೊಂಬೆಗೆ ಸೇರುವಲ್ಲಿ ಕಿವಿಯಾಕಾರದ ಎರಡು ಅಗಲ ಎಲೆಚೂರುಗಳಿರುತ್ತವೆ. ಇದು ದೊಡ್ಡ ಗುರುತು. ಕಾಯಿ ತೆಳ್ಳಗೆ, ಚಪ್ಪಟೆಯಾಗಿ, ಒಣಗಿದಾಗ ಕಾಗದದಂತಿರುತ್ತದೆ. ರಸ್ತೆಬದಿಯಲ್ಲಿ ನೆಟ್ಟಿರುವ ಸೀಮೆತಂಗಡಿಯದೂ ಹಳದಿ ಹೂವೇ, ಆದರೆ ಅದು ಮರ. ಹೆಚ್ಚು ಎಚ್ಚರ ಬೇಕಾದದ್ದು ದೊಡ್ಡ ತಗಚೆ, ಅಂದರೆ ಕಾಸಮರ್ದದ ವಿಷಯದಲ್ಲಿ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ನಿಗೂಢ ಕಾಯಿಲೆಗೆ ಆ ಗಿಡದ ಬೀಜ ತಿಂದದ್ದೇ ಕಾರಣವೆಂದು 2007ರಲ್ಲಿ ವೈದ್ಯರು ತೋರಿಸಿಕೊಟ್ಟರು. ಹೂವಿನ ಬಣ್ಣವೊಂದನ್ನೇ ನಂಬಿ ಕೊಯ್ಯಲು ಮಕ್ಕಳನ್ನು ಕಳುಹಿಸಬಾರದು.

ಕೊಯ್ಲು ಬೆಳಗಿನ ಕೆಲಸ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ, ಆಗತಾನೆ ಅರಳಿದ ಹೂವನ್ನೂ ಬಲಿತ ಮೊಗ್ಗನ್ನೂ ಕೈಯಿಂದಲೇ ಬಿಡಿಸಬೇಕು. ಕೊಂಬೆ ಮುರಿಯಬಾರದು. ಒಂದು ಗಿಡದ ಅರ್ಧಕ್ಕಿಂತ ಹೆಚ್ಚು ಹೂವು ತೆಗೆಯಬಾರದು. ಈ ಜಾತಿಯ ಹೂವುಗಳಲ್ಲಿ ಮಕರಂದವಿಲ್ಲ. ದುಂಬಿಗಳು ಝೇಂಕರಿಸಿ, ಆ ಅದುರಿಕೆಯಿಂದಲೇ ಪರಾಗವನ್ನು ಉದುರಿಸಿಕೊಳ್ಳುತ್ತವೆ. ನಾವು ಬಿಟ್ಟ ಅರ್ಧ ಹೂವು ಅವುಗಳ ಪಾಲು, ಮುಂದಿನ ವರ್ಷದ ಬೀಜದ ಪಾಲು. ತಂದ ಹೂವನ್ನು ಬಿಳಿಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಹರಡಿಟ್ಟರೆ ಒಳಗಿನ ಹುಳುಗಳು ತಾವಾಗಿ ಹೊರಡುತ್ತವೆ.

ಒಣಗಿಸುವಲ್ಲಿಯೇ ಬಹುತೇಕರು ಸೋಲುವುದು. ನಮ್ಮ ಸೀಮೆಯ ಬಿಸಿಲಿಗೆ ಮೆಣಸಿನಕಾಯಿ, ಶಾವಿಗೆ, ಸಂಡಿಗೆ ಎಲ್ಲವನ್ನೂ ಒಡ್ಡುವ ರೂಢಿಯಿದೆ. ಹೂವಿಗೆ ಆ ಬಿಸಿಲು ಸಲ್ಲದು. ಬಣ್ಣ ಬಿಳಿಚುತ್ತದೆ, ಪರಿಮಳ ಹೋಗುತ್ತದೆ. ಗಾಳಿಯಾಡುವ ಪಡಸಾಲೆಯ ನೆರಳಿನಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ದಿನಕ್ಕೆರಡು ಬಾರಿ ಮಗುಚಬೇಕು. ಒಣಹವೆಯಲ್ಲಿ ಮೂರರಿಂದ ಐದು ದಿನ ಸಾಕು. ಮೋಡ ಕವಿದರೆ ಹೆಚ್ಚು ದಿನ ಬೇಕು. ಎಸಳು ಬೆರಳಲ್ಲಿ ಪುಡಿಯಾದರೆ ಸಾಲದು, ಹೂವಿನ ಬುಡ ಮುರಿದಾಗ ‘ಚಟ್’ ಎನ್ನಬೇಕು. ಗಾಜಿನ ಭರಣಿಯಲ್ಲಿ ತುಂಬಿ, ಮೊದಲ ವಾರ ಮುಚ್ಚಳದ ಒಳಬದಿಯನ್ನು ನೋಡುತ್ತಿರಬೇಕು. ಅಲ್ಲಿ ಪಸೆ ಕಂಡರೆ ಕೂಡಲೇ ಹೊರತೆಗೆದು ಮತ್ತೆ ಒಣಗಿಸಬೇಕು. ಬೂಷ್ಟು ಬಂದದ್ದನ್ನು ಆರಿಸಿ ಉಳಿಸಿಕೊಳ್ಳುವ ಲೋಭ ಬೇಡ, ಪೂರ್ತಿ ಚೆಲ್ಲಬೇಕು. ಭರಣಿಯ ಮೇಲೆ ಗಿಡದ ಹೆಸರು, ಕೊಯ್ದ ಸ್ಥಳ, ತಿಂಗಳು ಬರೆದಿಟ್ಟು ವರ್ಷದೊಳಗೆ ಬಳಸಿ ಮುಗಿಸುವುದು ಲೇಸು.

ಬಳಕೆ ಸರಳ. ಒಂದು ಚಮಚ ಒಣಹೂವನ್ನು ಒಂದು ಲೋಟ ನೀರಿನಲ್ಲಿ ಕುದಿಸಿ ಸೋಸಿದರೆ ಕಷಾಯ. ಹೂವಿನ ಪುಡಿಯನ್ನು ಹೆಸರುಹಿಟ್ಟಿನೊಂದಿಗೆ ಬೆರೆಸಿದರೆ ಮೈಗೆ ಹಚ್ಚುವ ಸ್ನಾನದ ಪುಡಿ. ತಮಿಳು ನಾಡಿನಲ್ಲಿ ಹಸಿ ಹೂವನ್ನು ಬೇಳೆಯೊಂದಿಗೆ ಬೇಯಿಸಿ ಉಣ್ಣುವುದೂ ಉಂಟು.

ಇಲ್ಲಿಂದ ಮುಂದಿನದು ಕಠಿಣವಾದ ಮಾತು. ತಂಗಡಿ ಹೂವು ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತದೆ ಎಂಬ ಮಾತು ಪೇಟೆಯಿಂದ ಹಳ್ಳಿಯವರೆಗೂ ಹಬ್ಬಿದೆ. ಹೂವಿನ ಸಾರ ಇಲಿಗಳ ರಕ್ತದಲ್ಲಿ ಸಕ್ಕರೆಯನ್ನು ಇಳಿಸಿತೆಂದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿದ್ದು ನಿಜ. ಇಲಿಯ ಮೇಲಿನ ಪ್ರಯೋಗ ಮನುಷ್ಯನ ಚಿಕಿತ್ಸೆಯಲ್ಲ. ಇನ್ಸುಲಿನ್ ಅಥವಾ ಗುಳಿಗೆ ಬಿಟ್ಟು ಕಷಾಯವನ್ನೇ ನಂಬಿದವರ ಕಣ್ಣು, ಮೂತ್ರಪಿಂಡ, ಕಾಲುಗಳು ಆಪತ್ತಿಗೊಳಗಾಗುತ್ತವೆ. ಗುಳಿಗೆಯ ಜೊತೆಗೆ ಕಷಾಯ ಕುಡಿದರೆ ಸಕ್ಕರೆ ಅತಿಯಾಗಿ ಇಳಿಯುವ ಅಪಾಯವೂ ಇದೆ. ಶ್ರೀಲಂಕಾದಲ್ಲಿ ಈ ಗಿಡದ ಚಹಾ ‘ರಣವರಾ’ ಎಂದು ಪ್ರಸಿದ್ಧ. ಅಲ್ಲಿನ ಸಂಶೋಧಕರೇ 1981ರಲ್ಲಿ ಈ ಗಿಡದಲ್ಲಿ ಯಕೃತ್ತಿಗೆ ಹಾನಿಮಾಡುವ ಬಗೆಯ ಅಂಶಗಳಿರುವುದನ್ನು ವರದಿ ಮಾಡಿದರು. ಮೂರ್ಛೆರೋಗದ ಕಾರ್ಬಮಜೆಪೀನ್ ಔಷಧಿಯೊಂದಿಗೆ ಈ ಚಹಾ ಕೊಟ್ಟಾಗ, ಇಲಿಗಳ ರಕ್ತದಲ್ಲಿ ಆ ಔಷಧಿಯ ಪ್ರಮಾಣ ಏರಿದುದನ್ನು 2004ರಲ್ಲಿ ತೋರಿಸಿದರು. ಆದುದರಿಂದ ಗರ್ಭಿಣಿಯರು, ಮಕ್ಕಳು, ಯಕೃತ್ತಿನ ತೊಂದರೆಯುಳ್ಳವರು, ದಿನನಿತ್ಯ ಗುಳಿಗೆ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ಕುಡಿಯಬಾರದು. ಉಳಿದವರೂ ತಿಂಗಳುಗಟ್ಟಲೆ ಕುಡಿಯುವುದು ಸಲ್ಲದು. ಮಿತಿ ಹೇಳುವುದರಿಂದ ಮನೆಮದ್ದಿನ ಮಾನ ಕುಂದುವುದಿಲ್ಲ. ಯೂರೋಪಿನವರು ನೆಗಡಿಗೆ ಲಿಂಡೆನ್ ಮರದ ಹೂವನ್ನು ಇದೇ ರೀತಿ ನೆರಳಲ್ಲಿ ಒಣಗಿಸಿ ಕುಡಿಯುತ್ತಾರೆ. ಅಲ್ಲಿನ ಔಷಧ ಸಂಸ್ಥೆ ಆ ರೂಢಿಯನ್ನು ಮಾನ್ಯ ಮಾಡುವಾಗಲೇ, ವಾರದೊಳಗೆ ನೆಗಡಿ ವಾಸಿಯಾಗದಿದ್ದರೆ ವೈದ್ಯರ ಬಳಿ ಹೋಗಬೇಕೆಂಬ ಸೂಚನೆಯನ್ನೂ ಬರೆದಿಟ್ಟಿದೆ.

ಎರಡನೆಯ ಅಪಾಯ ಹೊಲದಿಂದ ಬರುವಂಥದು. ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರಗಳ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಹತ್ತಿ, ಮೆಣಸಿನಕಾಯಿಯೂ ಇವೆ. ಈ ಬೆಳೆಗಳಿಗೆ ಹೊಡೆಯುವ ಕೀಟನಾಶಕ ಬದುವಿನ ತಂಗಡಿಯ ಮೇಲೂ ಬೀಳುತ್ತದೆ. ತೊಳೆದರೆ ಎಲ್ಲ ವಿಷವೂ ಹೋಗುವುದಿಲ್ಲ, ಒಣಗಿಸಿದಾಗ ನೀರು ಹೋಗಿ ವಿಷ ಉಳಿಯುತ್ತದೆ. ಆದ್ದರಿಂದ ಸಿಂಪರಣೆಯ ಹೊಲದ ಬದುವಿನಿಂದಾಗಲೀ, ಹೆದ್ದಾರಿಯ ಅಂಚಿನಿಂದಾಗಲೀ ಹೂವು ತರಬಾರದು. ಹಾಗಾದರೆ ಉಳಿಯುವುದೆಲ್ಲಿ? ಗುಡ್ಡದ ಓರೆ ಮತ್ತು ಗಾಯರಾಣ ಮಾತ್ರ. ಯಾರಿಗೂ ಬೇಡವಾದದ್ದೆಂದು ನಾವು ಕರೆದ ನೆಲವೇ ಇಂದು ಶುದ್ಧ ಹೂವಿನ ಕಡೆಯ ಆಸರೆಯಾಗಿದೆ. ಖರಾಬು ಜಮೀನನ್ನು ಅಗೆದು ಸಮತಟ್ಟು ಮಾಡಿದರೆ ಅದರೊಂದಿಗೆ ಹೋಗುವುದು ಮುಳ್ಳುಕಂಟಿಯಷ್ಟೇ ಅಲ್ಲ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಆಗಬೇಕು. ಆ ಪುಸ್ತಕದಲ್ಲಿ ನಮ್ಮೂರಿನ ತಂಗಡಿ ಎಲ್ಲೆಲ್ಲಿದೆ, ಯಾವ ತಿಂಗಳು ಅರಳುತ್ತದೆ, ಯಾರು ಯಾವುದಕ್ಕೆ ಬಳಸುತ್ತಾರೆ ಎಂಬುದನ್ನು ಬರೆಸೋಣ. ಬರೆಸುವಾಗ ದನಗಾಹಿಯನ್ನೂ, ಚರ್ಮದ ಕಸುಬಿನ ಹಿರಿಯರನ್ನೂ, ಬಾಣಂತಿಯರ ಆರೈಕೆ ಮಾಡಿದ ಅಜ್ಜಿಯರನ್ನೂ ಕೇಳೋಣ. ಹೂವಿನ ಪುಡಿಗೆ ಪೇಟೆಯಲ್ಲಿ ಬೆಲೆ ಬಂದು ವ್ಯಾಪಾರಿ ಊರಿಗೆ ಬರುವ ದಿನ, ಎಷ್ಟು ಕೊಯ್ಯಬಹುದು, ಎಷ್ಟು ಬಿಡಬೇಕು ಎಂಬುದನ್ನು ಊರೇ ಹೇಳುವಂತಾಗಬೇಕು.

ಮಲೆನಾಡಿನ ಸ್ನೇಹಿತರಲ್ಲಿ ಒಂದು ಕೋರಿಕೆಯಿದೆ. ನಿಮ್ಮ ಬೆಟ್ಟಗಳಿಗಾಗಿ ನೀವು ಎತ್ತುವ ದನಿಯಲ್ಲಿ ನಮ್ಮ ಬೋಳುಗುಡ್ಡಗಳಿಗೂ ಒಂದಿಷ್ಟು ಜಾಗವಿರಲಿ. ಅವು ಬೋಳಲ್ಲ, ಹೂಬಿಡುವ ಕಾಲಕ್ಕೆ ಬಂದು ನೋಡಿರಿ.