ಮಾತು ಹುಟ್ಟುವ ಗಳಿಗೆ



1945ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಇದೇ ಚೆನ್ನೈನಲ್ಲಿ, ಅಂದಿನ ಮದರಾಸಿನಲ್ಲಿ ನಡೆಯಿತು. ಅಧ್ಯಕ್ಷ ಪೀಠದಲ್ಲಿ ಕೂತವರು ಟಿ.ಪಿ. ಕೈಲಾಸಂ. ಮನೆಮಾತು ತಮಿಳು. ಓದಿದ್ದು ಇಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ, ಆಮೇಲೆ ಲಂಡನ್ನಿನಲ್ಲಿ, ವಿಷಯ ಭೂವಿಜ್ಞಾನ. ಸರ್ಕಾರಿ ಕೆಲಸ ಬಿಟ್ಟು ನಾಟಕಕ್ಕೆ ಬಂದರು. ‘ಟೊಳ್ಳುಗಟ್ಟಿ’, ‘ಹೋಂರೂಲು’, ‘ಅಮ್ಮಾವ್ರ ಗಂಡ’ ಕೊಟ್ಟ ಅವರನ್ನು ನಾವು ನಾಟಕಕಾರ ಎನ್ನುತ್ತೇವೆ. ನನಗೆ ಅವರು ಮೊದಲು ಆಶುನಟ.

ಕೂತು ಬರೆಯುವುದು ಕೈಲಾಸಂ ಅವರಿಗೆ ಒಗ್ಗುತ್ತಿರಲಿಲ್ಲ. ಗೆಳೆಯರು ಸುತ್ತ ನೆರೆದರೆ ಇಡೀ ನಾಟಕವನ್ನು ಬಾಯಲ್ಲೇ ಆಡಿಬಿಡುತ್ತಿದ್ದರು. ಬಡಾಯಿ ವಕೀಲ ಅಹೋಬ್ಲುವೂ ಅವರೇ, ಹೆಂಡತಿ ಜೀವುವೂ ಅವರೇ. ಯಾರೋ ಪುಣ್ಯಾತ್ಮರು ಬರೆದುಕೊಂಡಿದ್ದರಿಂದ ನಮಗೆ ಪುಸ್ತಕ ಸಿಕ್ಕಿದೆ. ಅಚ್ಚಾದ ಆ ಪುಟಗಳಲ್ಲಿ ಇರುವುದು ಒಂದು ಸಂಜೆಯ ಆಟ. ಉಳಿದ ಸಂಜೆಗಳು ಕೇಳಿದವರ ಜೊತೆಗೇ ಹೋದವು. ಸಮ್ಮೇಳನದ ಮರುವರ್ಷವೇ ಅವರೂ ಹೋದರು.

ಆಶುನಟನೆಯ ಈ ಕಲೆ ನಮಗೆ ಪರದೇಶದ ಸರಕಲ್ಲ. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರು ತಾಳಮದ್ದಳೆಯಲ್ಲಿ ಅರ್ಥ ಹೇಳಲು ಕೂತಾಗ ಮುಂದೆ ಬರೆದ ಮಾತಿರಲಿಲ್ಲ. ಪದ್ಯ ಭಾಗವತರದು, ಅರ್ಥ ಆ ಕ್ಷಣದಲ್ಲಿ, ಎದುರಾಳಿಯ ಮಾತಿನ ಮೇಲೇ ಹುಟ್ಟಬೇಕು. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ವನ್ನು ಮತ್ತೆ ಮತ್ತೆ ನೋಡಲು ಜನ ಬರುತ್ತಿದ್ದುದೂ ಅದಕ್ಕೇ. ಬೆಳಗಿನ ಪೇಪರಿನ ಸುದ್ದಿ ರಾತ್ರಿ ಅವರ ಬಾಯಲ್ಲಿ ಮಾತಾಗುತ್ತಿತ್ತು.

ನನ್ನದೊಂದು ಅನುಭವ ಹೇಳುತ್ತೇನೆ. ಇಪ್ಪತ್ತನೆಯ ವಯಸ್ಸಿನಲ್ಲಿ ಕೈಲಾಸಂ ಅವರ ‘ಪೋಲಿಕಿಟ್ಟಿ’ ಆಡುತ್ತಿದ್ದಾಗ ಎದುರಿನ ಹುಡುಗ ಮಾತು ಮರೆತ. ಸಭೆ ಸ್ತಬ್ಧ. ನನಗೆ ನನ್ನ ಮಾತು ಬಾಯಿಪಾಠವಾಗಿತ್ತು, ಅವನ ಮುಖ ನೋಡುವುದು ಮಾತ್ರ ಗೊತ್ತಿರಲಿಲ್ಲ. ಅವನ ಕಣ್ಣಲ್ಲಿ ನೀರು ತುಂಬಿದ್ದನ್ನು ಮೂರನೇ ಸಾಲಿನವರೂ ಕಂಡರು, ಪಕ್ಕದಲ್ಲಿದ್ದ ನಾನು ಕಾಣಲಿಲ್ಲ. ಅಂದಿನಿಂದ ಈ ಕಸುಬಿನಲ್ಲಿ ನಾನು ಕಲಿಯುತ್ತಿರುವುದು ಎದುರಿನವರನ್ನು ನೋಡುವುದನ್ನು, ಕೇಳುವುದನ್ನು. ಆಶುನಟನೆ ಎಂದರೆ ಬಾಯಿಗೆ ಬಂದದ್ದನ್ನು ಆಡುವುದೆಂದು ತಿಳಿದವರಿದ್ದಾರೆ. ಅದು ಮೊದಲು ಕಿವಿಯ ಕೆಲಸ. ಕೈಲಾಸಂ ಬೆಂಗಳೂರಿನ ಪಡಸಾಲೆ, ಬೀದಿ, ಕೋರ್ಟುಗಳ ಮಾತನ್ನು ಕಿವಿಯಲ್ಲಿ ಇಟ್ಟುಕೊಂಡಿದ್ದರು. ಅರ್ಧ ಇಂಗ್ಲಿಷು ಬೆರೆತ ಆ ಕನ್ನಡವನ್ನು ಇದ್ದ ಹಾಗೇ ರಂಗಕ್ಕೆ ತಂದರು.

ಆದ್ದರಿಂದ ಹಿರಿಯರಲ್ಲಿ ಒಂದು ಬೇಡಿಕೆ. ಇಲ್ಲಿನ ಕನ್ನಡಿಗರಾದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತಾರೆ. ರಂಗದ ಮೇಲೆ ಅವು ಬೆರೆತರೆ ‘ಕನ್ನಡ ಸರಿಯಿಲ್ಲ’ ಎಂದು ನಡುವೆಯೇ ತಿದ್ದುತ್ತೇವೆ. ಅಲ್ಲಿಗೆ ಮಗು ಬಾಯಿ ಮುಚ್ಚುತ್ತದೆ, ಮುಂದಿನ ವರ್ಷ ತಾಲೀಮಿಗೇ ಬರುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡು ಸಂಕಟಪಟ್ಟಿದ್ದೇನೆ. ಬೆರಕೆ ಮಾತಿನ ಕೈಲಾಸಂ ಅವರನ್ನು ಅಧ್ಯಕ್ಷರಾಗಿ ಎದುರುಗೊಂಡ ಊರು ಇದು. ತಿದ್ದುವುದನ್ನು ಆಟ ಮುಗಿದ ಮೇಲೆ, ಕಾಫಿ ಕುಡಿಯುತ್ತಾ ಮಾಡೋಣ.

ಸಂಜೆ ಆರಕ್ಕೆ ಮಕ್ಕಳ ಆಶುನಾಟಕ ಇದೆ. ಕಥೆಯ ಎಳೆಯನ್ನು ಸಭಿಕರೇ ಕೊಡಬೇಕು. ಮುಂದಿನ ಎರಡು ಸಾಲುಗಳನ್ನು ಅಜ್ಜ ಅಜ್ಜಿಯರಿಗೆ ಬಿಟ್ಟಿದ್ದೇವೆ. ಮೊದಲ ಮಾತು ಅವರಿಂದಲೇ ಬರಲಿ.